ಸೀಲ್ ಒಡೆದ ಮೇಲೆ ಸ್ವಿಸ್ ಬೆಳ್ಳಿಯೂ ಬರೀ ಬೆಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಇದು ಬೆಳ್ಳಿ ಕೊಳ್ಳಬೇಡಿ ಅನ್ನುವ ಬರಹ ಅಲ್ಲ. ಬೆಳ್ಳಿಯ ಮೇಲೆ ಹೆಸರಾಂತ ಕಂಪನಿಯ ಮುದ್ರೆ ಇದೆ, ನಂಬರ್ ಇದೆ, ಹೊಳೆಯುವ ಕಾರ್ಡ್ ಇದೆ ಅಂತ ಹೆಚ್ಚಿಗೆ ದುಡ್ಡು ಕೊಟ್ಟು ಅದನ್ನು ಹೂಡಿಕೆ ಅಂದುಕೊಳ್ಳಬೇಡಿ ಅಂತ ಹೇಳುವುದಕ್ಕಷ್ಟೇ ಬರೆಯುತ್ತಿರುವುದು. 2025ರ ಅಕ್ಷಯ ತೃತೀಯಕ್ಕೆ ನಮ್ಮ ಮನೆಯಲ್ಲಿ ಒಂದು ಕಿಲೋ ಕೊಂಡೆವು. ಮಗಳ ಕಾಲೇಜು ಫೀಸಿಗೆ ದುಡ್ಡು ಹೊಂದಿಸಬೇಕಾಗಿ ಬಂದು ಜೂನ್‌ನಲ್ಲಿ ಮಾರಿದೆವು. ಆ ನಡುವೆ ಬೆಳ್ಳಿ ದರ ಏರಿತ್ತು. ಆದರೂ ಹದಿನೆಂಟು ಸಾವಿರಕ್ಕೂ ಮೇಲೆ ಕೈಬಿಟ್ಟು ಹೋಯಿತು. ದರ ಏರಿದ ಮೇಲೂ ನಷ್ಟ ಆಗುವುದು ಹೇಗೆ ಅಂತ ಬಹಳ ಜನಕ್ಕೆ ಅರ್ಥವಾಗುವುದಿಲ್ಲ. ಅದಕ್ಕೇ ಲೆಕ್ಕ ಸಮೇತ ಹೇಳುತ್ತೇನೆ.

ಕೊಂಡದ್ದು ಬೆಂಗಳೂರಿನ ಒಂದು ದೊಡ್ಡ ಶೋರೂಮಿನಲ್ಲಿ. ಹೆಸರು ಬೇಡ, ಈ ವ್ಯವಹಾರ ಒಂದೇ ಅಂಗಡಿಯದ್ದಲ್ಲ. ನಮ್ಮೆಜಮಾನರು ಕೇಳಿದ್ದು ಮಾಮೂಲಿ ಬೆಳ್ಳಿ ಗಟ್ಟಿ. ಕೌಂಟರಿನ ಹುಡುಗ ಅದನ್ನು ತೋರಿಸಲೇ ಇಲ್ಲ. ವೆಲ್ವೆಟ್ ಟ್ರೇನಲ್ಲಿ ನೂರು ಗ್ರಾಂನ ಬಾರ್‌ಗಳನ್ನು ಜೋಡಿಸಿಕೊಂಡು ಬಂದ. ಒಂದೊಂದೂ ಎಟಿಎಂ ಕಾರ್ಡಿಗಿಂತ ಸ್ವಲ್ಪ ದೊಡ್ಡ ಗಟ್ಟಿ ಪ್ಲಾಸ್ಟಿಕ್ ಕಾರ್ಡಿನೊಳಗೆ ಸೀಲ್ ಆಗಿದೆ. ಮುಂದೆ ಸ್ವಿಟ್ಜರ್ಲೆಂಡಿನ ರಿಫೈನರಿಯ, ಅಂದರೆ ಲೋಹ ಶುದ್ಧಿ ಮಾಡುವ ಕಾರ್ಖಾನೆಯ ಮುದ್ರೆ, 999 ಅಂತ ಶುದ್ಧತೆ, ಹಿಂದೆ ಸೀರಿಯಲ್ ನಂಬರ್, ಪರೀಕ್ಷಿಸಿದವರ ಸಹಿ. "ಸಾರ್, ಇದು ಸ್ವಿಸ್. ಪ್ರಪಂಚದಲ್ಲಿ ಎಲ್ಲಿ ತಗೊಂಡು ಹೋದ್ರೂ ಕಣ್ಣು ಮುಚ್ಚಿ ತಗೋತಾರೆ. ಮಾಮೂಲಿ ಗಟ್ಟಿಗೆ ಈ ಗ್ಯಾರಂಟಿ ಇಲ್ಲ" ಅಂದ. ಹತ್ತು ಬಾರ್ ಕೊಂಡೆವು.

ಬಿಲ್ಲನ್ನು ಈಗಲೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಂದು ವಿಶೇಷ ಇದೆ. ಚೈನು, ದೀಪ, ತಟ್ಟೆ ಕೊಂಡರೆ ಬಿಲ್ಲಿನಲ್ಲಿ ತೂಕ ಬೇರೆ, ಆ ದಿನದ ದರ ಬೇರೆ, ಮಜೂರಿ ಬೇರೆ ಕಾಣುತ್ತದೆ. ಬ್ರ್ಯಾಂಡ್ ಬಾರಿಗೆ ಹಾಗಿಲ್ಲ. ಸೋಪು, ಶಾಂಪೂ ಮಾರಿದ ಹಾಗೆ ಪೀಸಿಗೆ ಇಷ್ಟು ಅಂತ ಒಂದೇ ಸಾಲು: ಒಂದಕ್ಕೆ 11,500 ರೂಪಾಯಿ, ಹತ್ತಕ್ಕೆ 1,15,000. ಅದರ ಮೇಲೆ ಶೇ. 3 ಜಿಎಸ್‌ಟಿ 3,450. ಒಟ್ಟು 1,18,450. ಅವತ್ತು ಅದೇ ಅಂಗಡಿಯ ಬೋರ್ಡಿನಲ್ಲಿ ಬೆಳ್ಳಿ ಗ್ರಾಂಗೆ 100 ರೂಪಾಯಿ. ಅಂದರೆ ಒಂದು ಕಿಲೋ ಬೆಳ್ಳಿಗೆ ಒಂದು ಲಕ್ಷ, ಕಾರ್ಡು ಮತ್ತು ಹೆಸರಿಗೆ ಹದಿನೈದು ಸಾವಿರ. ಆ ಹದಿನೈದು ಸಾವಿರ ಬಿಲ್ಲಿನಲ್ಲಿ ಎಲ್ಲೂ ಬೇರೆಯಾಗಿ ಕಾಣುವುದಿಲ್ಲ. ಪೀಸಿನ ಬೆಲೆಯನ್ನು ಗ್ರಾಂನಿಂದ ಭಾಗಿಸಿದರಷ್ಟೇ ಹೊರಗೆ ಬರುತ್ತದೆ. ಅಕ್ಷಯ ತೃತೀಯದ ನೂಕುನುಗ್ಗಲಿನಲ್ಲಿ ನಿಂತು ಯಾರು ಭಾಗಾಕಾರ ಮಾಡುತ್ತಾರೆ? ಅಂಗಡಿಯವರಿಗೂ ಅದು ಚೆನ್ನಾಗಿ ಗೊತ್ತು.

ಜೂನ್‌ನಲ್ಲಿ ಮಾರುವುದಕ್ಕೆ ಮುಂಚೆ ಅಡವಿಡೋಣ ಅಂತ ಹೋದೆವು. ಚಿನ್ನದ ಸಾಲ ಕೊಡುವ ಬ್ಯಾಂಕಿನಲ್ಲಿ ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟಾಗ ಅಲ್ಲಿನ ಮೇಡಂ ಕೈಯಿಂದ ಮುಟ್ಟಲೂ ಇಲ್ಲ. "ಒಡವೆ ಇದ್ರೆ ತನ್ನಿ, ಗಟ್ಟಿ ತಗೊಳಲ್ಲ" ಅಂದರು. ಅದು ಅವರ ಹಟ ಅಲ್ಲ, ನಿಯಮವೇ ಹಾಗಿದೆ. ಚಿನ್ನ, ಬೆಳ್ಳಿ ಅಡವಿನ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊಸ ನಿರ್ದೇಶನ ಹೊರಡಿಸಿತು. 2026ರ ಏಪ್ರಿಲ್ 1ರೊಳಗೆ ಜಾರಿಗೆ ತರಬೇಕಾದ ಆ ನಿಯಮದಲ್ಲೂ ಬೆಳ್ಳಿ ಒಡವೆಗೆ, 500 ಗ್ರಾಂವರೆಗಿನ ಬೆಳ್ಳಿ ನಾಣ್ಯಕ್ಕೆ ಸಾಲ ಉಂಟು, ಗಟ್ಟಿಗೆ ಇಲ್ಲ. ಹಳೇ ಕಾಲುಚೈನಿಗೆ ಸಾಲ ಹುಟ್ಟುತ್ತದೆ, ಸ್ವಿಸ್ ಬಾರಿಗೆ ಹುಟ್ಟುವುದಿಲ್ಲ. ಕಷ್ಟಕ್ಕಾಗುತ್ತದೆ ಅಂತ ಬಾರ್ ಕೊಳ್ಳುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಅಲ್ಲಿಂದ ಕೊಂಡ ಶೋರೂಮಿಗೇ ಹೋದೆವು. ಮೊದಲ ಸಲ "ಸ್ವಿಸ್ ಸಾರ್" ಅಂದಿದ್ದ ಹುಡುಗ ಈ ಸಲ ಮ್ಯಾನೇಜರ್ ಕಡೆ ಕೈ ತೋರಿಸಿದ. ಮ್ಯಾನೇಜರ್ ಬಿಲ್ಲನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರದ ಮೇಲೆ ಪೆನ್ನಿಟ್ಟರು: ಬೆಳ್ಳಿ ಬಾರ್‌ಗೆ ನಗದು ವಾಪಸಾತಿ ಇಲ್ಲ, ಒಡವೆಗೆ ವಿನಿಮಯ ಮಾತ್ರ. ವಿನಿಮಯ ಅಂದರೆ ನಮ್ಮ ಬೆಳ್ಳಿಗೆ ಅವರ ಖರೀದಿ ದರ, ಅವರ ಒಡವೆಗೆ ಬೋರ್ಡ್ ದರ, ಜೊತೆಗೆ ಮಜೂರಿ, ಮತ್ತೆ ಜಿಎಸ್‌ಟಿ. ಕಾಲೇಜಿನವರು ಕಾಲುಂಗುರದಲ್ಲಿ ಫೀಸು ತಗೊಳ್ಳುವುದಿಲ್ಲವಲ್ಲ.

ಕೊನೆಗೆ ನಗರ್ತಪೇಟೆ. ಅಲ್ಲಿ ತಲೆಮಾರುಗಳಿಂದ ಬೆಳ್ಳಿ ವ್ಯಾಪಾರ ಮಾಡುವ ಅಂಗಡಿಗಳಿವೆ. ನಮ್ಮ ಭಾವನವರಿಗೆ ಪರಿಚಯದ ಒಬ್ಬ ಸೇಟು ಇದ್ದರು, ಮುಲಾಜಿಲ್ಲದ ಮನುಷ್ಯ. ಒಂದು ಕಾರ್ಡನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದರು. ಬಾರಿನ ಒಂದು ಮೂಲೆಯಲ್ಲಿ ಹಾಲು ಚೆಲ್ಲಿ ಒಣಗಿದಂಥ ಬಿಳಿ ಚುಕ್ಕೆ ಬಿದ್ದಿತ್ತು. ಸೀಲ್ ಒಳಗೇ. ಶುದ್ಧ ಬೆಳ್ಳಿಗೆ ಹಾಗೆ ಆಗುತ್ತದೆ, ದೋಷವಲ್ಲ ಅಂತ ಅವರೇ ಹೇಳಿದರು. ಆಮೇಲೆ ಡ್ರಾಯರಿನಿಂದ ಕತ್ತರಿ ತೆಗೆದರು. ನಾನು ಬೇಡ ಬೇಡ ಅಂದೆ. ಸೀಲ್ ಒಡೆದರೆ ಬೆಲೆ ಹೋಗುತ್ತದೆ ಅಂತ ಶೋರೂಮಿನವರು ಹತ್ತು ಸಲ ಹೇಳಿದ್ದರು. ಸೇಟು ಹೇಳಿದ್ದು ಇಷ್ಟು: "ಅಮ್ಮಾ, ಕಾರ್ಡೂ ಡೂಪ್ಲಿಕೇಟ್ ಬರುತ್ತೆ. ಒಡೀದೆ ನಾನು ತಗೊಳಲ್ಲ. ಒಡೆದ್ರೆ ಅದು ಬೆಳ್ಳಿ. ನಾನು ಬೆಳ್ಳಿ ತಗೋತೀನಿ, ಡಬ್ಬಿ ತಗೊಳಲ್ಲ."

ಇಡೀ ವ್ಯವಹಾರದ ತಿರುಳು ಇದೇ. ಒಡೆಯದೆ ಕೊಳ್ಳುವವರಿಲ್ಲ, ಒಡೆದರೆ ಬ್ರ್ಯಾಂಡ್ ಇಲ್ಲ. ಹತ್ತೂ ಕಾರ್ಡು ಕತ್ತರಿಸಿ, ಮೆಷಿನ್ನಿನಲ್ಲಿ ಟಂಚ್ (ಶುದ್ಧತೆ) ನೋಡಿ, ತೂಕ ಹಾಕಿದರು. ಶುದ್ಧತೆ ಸರಿ ಇತ್ತು, ತೂಕವೂ ಸರಿ. ಮೋಸದ ಮಾಲಲ್ಲ, ಅದನ್ನು ಹೇಳಲೇಬೇಕು. ಅವತ್ತಿನ ಬೋರ್ಡ್ ದರ 107. ಸೇಟು ಕೊಟ್ಟದ್ದು 100. ಏಳು ರೂಪಾಯಿ ಯಾಕೆ ಮುರಿದಿರಿ ಅಂದರೆ, ಬೋರ್ಡ್ ದರ ಮಾರುವ ದರ, ಕೊಳ್ಳುವ ದರವೇ ಬೇರೆ ಅಂದರು. ಪಕ್ಕದ ಇನ್ನಿಬ್ಬರು ಅದಕ್ಕಿಂತ ಕಡಿಮೆ ಹೇಳಿದರು. ಕೈಗೆ ಬಂದದ್ದು ಒಂದು ಲಕ್ಷ. ಹೋದದ್ದು 18,450, ಅಂದರೆ ಹಾಕಿದ ದುಡ್ಡಿನ ಶೇ. 15ಕ್ಕಿಂತ ಹೆಚ್ಚು. ಇದೇ ಲೆಕ್ಕದಲ್ಲಿ ನಮ್ಮ ಅಸಲು ವಾಪಸ್ ಬರಬೇಕಾದರೆ ಬೋರ್ಡ್ ದರ 127ರ ಹತ್ತಿರ ಹೋಗಬೇಕಿತ್ತು. ನೂರರಿಂದ ನೂರಿಪ್ಪತ್ತೇಳಕ್ಕೆ ಏರಿದ ಮೇಲೆ ನಮ್ಮ ಲಾಭ ಸೊನ್ನೆಯಿಂದ ಶುರು!

ಆಮೇಲಿನ ತಿಂಗಳುಗಳಲ್ಲಿ ಬೆಳ್ಳಿ ಅದನ್ನೂ ದಾಟಿ ಹೋಯಿತು, ನನಗೂ ಗೊತ್ತು. "ಇಟ್ಟುಕೊಂಡಿದ್ದರೆ ಚೆನ್ನಾಗಿತ್ತಲ್ಲ" ಅಂತ ನೆಂಟರು ಈಗಲೂ ಅನ್ನುತ್ತಾರೆ. ಇಟ್ಟುಕೊಂಡವರಿಗೆ ಲಾಭ ತಂದದ್ದು ಬೆಳ್ಳಿ, ಸ್ವಿಸ್ ಮುದ್ರೆ ಅಲ್ಲ. ಅದೇ ದಿನ ಮಾಮೂಲಿ ಗಟ್ಟಿ ಕೊಂಡವರಿಗೆ ನಮಗಿಂತ ಹದಿನೈದು ಸಾವಿರ ಹೆಚ್ಚು ಉಳಿದಿರುತ್ತದೆ. ದರ ಏರುವಾಗ ಈ ತೂತು ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಈ ಬ್ರ್ಯಾಂಡುಗಳಿಗೆ ಬೆಲೆಯೇ ಇಲ್ಲವೆ? ಇದೆ, ಆದರೆ ಬೇರೆ ಲೋಕದಲ್ಲಿ. ಲಂಡನ್ ಬುಲಿಯನ್ ಮಾರುಕಟ್ಟೆ ಸಂಘ, ಅಂದರೆ ಎಲ್‌ಬಿಎಂಎ, ಕೆಲವು ರಿಫೈನರಿಗಳಿಗೆ ಮಾನ್ಯತೆ ಕೊಡುತ್ತದೆ. ಅಂಗಡಿಯವರು ಆ ಹೆಸರನ್ನೇ ಮಂತ್ರದ ಹಾಗೆ ಹೇಳುವುದು. ಆದರೆ ಅಲ್ಲಿ ‘ಗುಡ್ ಡೆಲಿವರಿ’ ಅಂತ ಒಪ್ಪುವ ಬೆಳ್ಳಿ ಬಾರ್ 750ರಿಂದ 1,100 ಟ್ರಾಯ್ ಔನ್ಸ್ ತೂಗುತ್ತದೆ, ಸರಿಸುಮಾರು 23ರಿಂದ 34 ಕಿಲೋ. ಅದು ಒಂದು ಮಾನ್ಯ ವಾಲ್ಟಿನಿಂದ (ಭದ್ರ ಕೋಠಿಯಿಂದ) ಇನ್ನೊಂದು ವಾಲ್ಟಿಗೆ ಹೋಗುತ್ತಿರುತ್ತದೆ, ನಡುವೆ ಯಾರ ಮನೆಗೂ ಹೋಗುವುದಿಲ್ಲ. ಅದಕ್ಕೇ ಅಲ್ಲಿ ಪರೀಕ್ಷೆ ಇಲ್ಲದೆ ಕೈಬದಲಾಗುತ್ತದೆ. ನಮ್ಮ ನೂರು ಗ್ರಾಂನ ಬಾರ್ ಬೀರುವಿನೊಳಗೆ ಸೀರೆ ಮಡಿಕೆಯ ಕೆಳಗೆ ಸೇರಿದ ದಿನವೇ ಆ ನಂಬಿಕೆಯ ಕೊಂಡಿ ಕಳಚಿತು. ಮತ್ತೆ ಮಾರುಕಟ್ಟೆಗೆ ತಂದಾಗ ಅದು ಯಾರದ್ದೋ ಮನೆಯ ಬೆಳ್ಳಿ, ಟಂಚ್ ನೋಡಲೇಬೇಕು.

ಬಾರ್ ಚಿಕ್ಕದಾದಷ್ಟೂ ಪ್ರೀಮಿಯಂ, ಅಂದರೆ ಬೆಳ್ಳಿಯ ಬೆಲೆಯ ಮೇಲೆ ಕೊಡುವ ಈ ಹೆಚ್ಚುವರಿ ದುಡ್ಡು, ಜಾಸ್ತಿ. ಹತ್ತು, ಇಪ್ಪತ್ತು ಗ್ರಾಂನವು, ಬಣ್ಣದಲ್ಲಿ ಲಕ್ಷ್ಮಿ, ಬಾಲರಾಮನನ್ನು ಅಚ್ಚು ಹಾಕಿದವು, ಮರದ ಪೆಟ್ಟಿಗೆಯಲ್ಲಿ ಬರುವ ಲಿಮಿಟೆಡ್ ಎಡಿಷನ್, ಇವನ್ನು ಗೃಹಪ್ರವೇಶಕ್ಕೋ ನಾಮಕರಣಕ್ಕೋ ಉಡುಗೊರೆ ಕೊಡಿ, ಚೆಂದವಾಗಿರುತ್ತವೆ. ಹೂಡಿಕೆಯ ಲೆಕ್ಕಕ್ಕೆ ಸೇರಿಸಬೇಡಿ. ಹಬ್ಬದ ದಿನ ಕೊಳ್ಳಲೇಬೇಕೆಂಬ ಹಟವೂ ಬೇಡ. ಧನತ್ರಯೋದಶಿಯ ಸಂಜೆ ನಮ್ಮಲ್ಲಿ ಹಂಡೆ ತೊಳೆದು ನೀರು ತುಂಬುತ್ತಿದ್ದರು. ಅವತ್ತು ಬೆಳ್ಳಿ ತರಬೇಕು ಅಂತ ನಮಗೆ ಕಲಿಸಿದ್ದು ಪೇಪರಿನ ಪೂರ್ತಿ ಪುಟದ ಜಾಹೀರಾತು. 2025ರ ದೀಪಾವಳಿಗೆ ಮುಂಚೆ ಏನಾಯಿತು ನೋಡಿ. ಬೇಡಿಕೆ ಏರಿ, ಮಾಲು ಸಿಗದೆ, ದೇಶದೊಳಗಿನ ಬೆಳ್ಳಿ ಬೆಲೆ ಅಂತರರಾಷ್ಟ್ರೀಯ ಬೆಲೆಗಿಂತ ಬಹಳ ಮೇಲೆ ಹೋಯಿತು. ಎಷ್ಟೆಂದರೆ, ಅಕ್ಟೋಬರ್‌ನಲ್ಲಿ ಕೆಲವು ಮ್ಯೂಚುವಲ್ ಫಂಡ್ ಕಂಪನಿಗಳು ಸಿಲ್ವರ್ ಇಟಿಎಫ್‌ನಲ್ಲಿ (ಬೆಳ್ಳಿ ದರದ ಜೊತೆ ಏರಿಳಿಯುವ, ಷೇರಿನ ಹಾಗೆ ಕೊಂಡು ಮಾರುವ ಫಂಡ್) ಹಣ ತೊಡಗಿಸುವ ತಮ್ಮ ಫಂಡ್ ಆಫ್ ಫಂಡ್‌ಗಳಿಗೆ ಒಂದೇ ಗಂಟಿನ ಹಣ ತೆಗೆದುಕೊಳ್ಳುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದವು. ಹಬ್ಬ ಮುಗಿಯುವಷ್ಟರಲ್ಲಿ ಬೆಲೆ ಜಾರಿತು. ಆ ವಾರ ಬ್ರ್ಯಾಂಡ್ ಬಾರ್ ಕೊಂಡವರು ಬ್ರ್ಯಾಂಡಿಗೊಂದು, ಮಾಲಿನ ಕೊರತೆಗೊಂದು, ಎರಡೆರಡು ಪ್ರೀಮಿಯಂ ಕೊಟ್ಟ ಹಾಗಾಯಿತು.

ಕೊಳ್ಳುವುದೇ ಆದರೆ ಹಣ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: "ಇದನ್ನೇ ಈಗಲೇ ನಿಮಗೆ ವಾಪಸ್ ಕೊಟ್ಟರೆ ಅಕೌಂಟಿಗೆ ಎಷ್ಟು ಹಾಕ್ತೀರಾ?" ಬಾಯಿಮಾತು ಬೇಡ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯುವುದಿಲ್ಲ ಅಂದರೆ ಎದ್ದು ಬನ್ನಿ. ಲೋಹವೇ ಕೈಯಲ್ಲಿರಬೇಕು ಅನ್ನುವವರು ನೂರು ಗ್ರಾಂನ ಹತ್ತು ತುಂಡಿನ ಬದಲು ಒಂದು ಕಿಲೋದ ಸಾದಾ ಗಟ್ಟಿ ತೆಗೆದುಕೊಳ್ಳಿ, ಎದುರಿಗೇ ಟಂಚ್ ಮಾಡಿಸಿ. ಬೆಳ್ಳಿಗೆ ಚಿನ್ನದ ಒಡವೆಯ ಹಾಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿ ಒಡವೆಗೂ ಎಚ್‌ಯುಐಡಿ ನಂಬರ್ (ಹಾಲ್‌ಮಾರ್ಕ್ ಆದ ಒಂದೊಂದು ಒಡವೆಗೂ ಕೊಡುವ ಪ್ರತ್ಯೇಕ ಗುರುತು) ಬಂದಿದೆ, ಅದೂ ಐಚ್ಛಿಕ. ದರ ಏರಿದರೆ ಸಾಕು, ಲೋಹ ಮನೆಯಲ್ಲಿರಬೇಕಿಲ್ಲ ಅನ್ನುವವರಿಗೆ ಡಿಮ್ಯಾಟ್ ಖಾತೆಯಲ್ಲಿ ಸಿಲ್ವರ್ ಇಟಿಎಫ್ ಇದೆ. ಅದಕ್ಕೂ ಖರ್ಚಿದೆ, ದರ ಬಿದ್ದರೆ ಅದೂ ಬೀಳುತ್ತದೆ, ಆದರೆ ಅದನ್ನು ಮಾರಲು ಕತ್ತರಿ ಬೇಕಾಗಿಲ್ಲ. ಬಾರ್ ಮಾರಿ ಲಾಭ ಬಂದರೆ ತೆರಿಗೆಯೂ ಉಂಟು: ಎರಡು ವರ್ಷದೊಳಗೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರುತ್ತದೆ, ಆಮೇಲಾದರೆ ಶೇ. 12.5.

ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಶೋರೂಮಿನವರು ಉತ್ತರವಾಗಿ ಬಿಲ್ಲಿನ ಹಿಂಬದಿಯ ಫೋಟೋ ಕಳಿಸಿದರು, ಜೊತೆಗೆ ಮುಂದಿನ ಖರೀದಿಯಲ್ಲಿ ಮಜೂರಿಗೆ ರಿಯಾಯಿತಿ ಕೊಡುವ ಒಂದು ಕೂಪನ್. ಅದರ ಅವಧಿ ಮುಗಿದಿದೆ.