ಕಿಟಕಿ ಬೆಳಕೋ, ಎಲ್‌ಇಡಿ ಲೈಟೋ?

ಚಿಕ್ಕಮಗಳೂರಿನ ಹೋಂಸ್ಟೇಗಳಿಗೆ ಊಟದ ಫೋಟೋ ತೆಗೆಯುವವರು ಲೈಟಿಗೆ ದುಡ್ಡು ಹಾಕಬೇಕಾ?

ಕಿಟಕಿ ಬೆಳಕು ಬಿಟ್ಟಿ. ಬಿಸಿ ಕಡುಬಿನ ಹಿಂದಿನಿಂದ ಬೆಳಕು ಬಿದ್ದರೆ ಹಬೆ ಎಳೆ ಎಳೆಯಾಗಿ ಕಾಣುತ್ತದೆ. ಈಚೆ ಕಡೆ ಬಿಳಿ ಥರ್ಮೋಕೋಲ್ ನಿಲ್ಲಿಸಿ, ನೆರಳು ತಿಳಿಯಾಗುತ್ತದೆ. ಆದರೆ ಜುಲೈ ಮಳೆಯಲ್ಲಿ ಮಧ್ಯಾಹ್ನ 3 ಗಂಟೆಗೇ ಮಬ್ಬು. ಒಮ್ಮೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 6400ಕ್ಕೆ ಏರಿಸಿದ್ದೆ, ಪತ್ರೊಡೆ ಮೇಲೆಲ್ಲ ಮರಳು ಚೆಲ್ಲಿದ ಹಾಗಿತ್ತು!

ಎಲ್‌ಇಡಿಗೆ ಮಳೆಯ ಹಂಗಿಲ್ಲ. ಮೊದಲ ತಟ್ಟೆಗೂ ಕೊನೆಯ ತಟ್ಟೆಗೂ ಒಂದೇ ಬಣ್ಣ. ಮೆನು ಕಾರ್ಡಿಗೆ ಅದೇ ತಾನೆ ಬೇಕು? ಸಿಆರ್‌ಐ (ಆ ಬೆಳಕಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎನ್ನುವ ಅಂಕ) 95ಕ್ಕಿಂತ ಜಾಸ್ತಿ ಇರಲಿ, ಇಲ್ಲದಿದ್ದರೆ ಕೋಳಿ ಸಾರಿನ ಕೆಂಪು ಪೇಲವ. ಕೋಣೆಯ ಟ್ಯೂಬ್‌ಲೈಟ್ ಆಫ್ ಮಾಡಿಬಿಡಿ, ಎರಡು ಬೆಳಕು ಬೆರೆತರೆ ಬಣ್ಣ ಕೆಡುತ್ತದೆ.

ತಿಂಗಳಿಗೆ ಒಂದೆರಡು ಕೆಲಸವಿದ್ದರೆ ಕಿಟಕಿಯೇ ಸಾಕು, ಸುಮ್ನೆ ಸಾಲ ಬೇಡ. ಮಳೆಗಾಲದಲ್ಲೂ ದುಡಿಯಬೇಕಾದರೆ ಲೈಟ್ ತಗೊಳ್ಳಿ, ಬ್ಯಾಟರಿಯದ್ದೇ. ತೋಟದ ಮನೆಗಳಲ್ಲಿ ಕರೆಂಟಿನ ಕಥೆ ಗೊತ್ತಲ್ವಾ.