ಬಿಲ್ಲುಗಳಿಗೆ ಅಂತಲೇ ಕೊಂಡ ಸ್ಕ್ಯಾನರ್: ನಾಲ್ಕು ವರ್ಷ ಬಳಸಿದ ಮೇಲೆ

ಮೇಜಿನ ಮೇಲೆ ಕೂರುವ ಪುಟ್ಟ ಯಂತ್ರ ಇದು. ಮೇಲಿನ ಟ್ರೇಯಲ್ಲಿ ಕಾಗದದ ಕಟ್ಟು ಇಟ್ಟರೆ ಒಂದೊಂದನ್ನೇ ಎಳೆದುಕೊಂಡು, ಎರಡೂ ಬದಿಯನ್ನು ಒಂದೇ ಸಲಕ್ಕೆ ಸ್ಕ್ಯಾನ್ ಮಾಡುತ್ತದೆ. ಕೊಂಡ ವಾರವೇ ಬರೆಯಲು ಕೂತಿದ್ದರೆ ಇದರ ವೇಗವನ್ನೇ ಹೊಗಳುತ್ತಿದ್ದೆ. ನಾಲ್ಕು ವರ್ಷವಾದ ಮೇಲೆ ವೇಗ ಅಷ್ಟು ಮುಖ್ಯ ಅನ್ನಿಸುತ್ತಿಲ್ಲ.

ಇದನ್ನು ಕೊಳ್ಳಲು ಕಾರಣವಾಗಿದ್ದು ಒಂದು ಅಳಿಸಿಹೋದ ರಸೀದಿ. ತೆರಿಗೆ ಲೆಕ್ಕ ಮುಗಿಸುವ ಹೊತ್ತಿಗೆ ಆಡಿಟರ್ ಒಂದು ದೊಡ್ಡ ಖರೀದಿಯ ರಸೀದಿ ಕೇಳಿದರು. ಪ್ಲಾಸ್ಟಿಕ್ ಕವರ್ ಹಾಕಿ ಜೋಪಾನವಾಗಿಯೇ ಇಟ್ಟಿದ್ದೆ. ತೆಗೆದು ನೋಡಿದರೆ ಬರೀ ಬಿಳಿ ಕಾಗದ. ಆ ಖರ್ಚನ್ನು ಲೆಕ್ಕದಲ್ಲಿ ತೋರಿಸಲು ಆಗಲೇ ಇಲ್ಲ. ಆಮೇಲೆ ಕಾರಣ ತಿಳಿಯಿತು. ಆ ರಸೀದಿ ಮುದ್ರಿಸಿದ್ದು ಥರ್ಮಲ್ ಕಾಗದದ ಮೇಲೆ, ಅದರಲ್ಲಿ ಶಾಯಿ ಇರುವುದಿಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ, ಅಷ್ಟೇ. ಬಿಸಿಲು, ಸೆಕೆ, ಕೈಯ ಎಣ್ಣೆ, ಸ್ಯಾನಿಟೈಸರ್, ಅಂಟುವ ಟೇಪು, ಇವು ತಾಗಿದರೆ ಮಾಸುತ್ತದೆ. ಪಿವಿಸಿ ಪ್ಲಾಸ್ಟಿಕ್ ಕವರನ್ನು ಮೆತ್ತಗಾಗಿಸಲು ಬೆರೆಸುವ ಪ್ಲಾಸ್ಟಿಸೈಜರ್ ಕೂಡ ಅಕ್ಷರಗಳನ್ನು ಅಳಿಸುತ್ತದೆ. ಹಾಗಾಗಿ ಈಗ ನಮ್ಮಲ್ಲಿ ನಿಯಮ ಒಂದೇ: ಬಿಲ್ಲು ಬಂದ ದಿನವೇ ಸ್ಕ್ಯಾನ್ ಆಗಬೇಕು. ಮೊದಲ ವರ್ಷ ತಿಂಗಳಿಗೊಮ್ಮೆ ಮಾಡುತ್ತಿದ್ದೆವು. ಅಷ್ಟರಲ್ಲಿ ಯಾವ ಬಿಲ್ಲು ಯಾವ ಕೆಲಸದ್ದು ಅನ್ನುವುದೇ ಮರೆತುಹೋಗಿರುತ್ತಿತ್ತು.

ಮೊಬೈಲಿನಲ್ಲೇ ಫೋಟೋ ತೆಗೆದರೆ ಸಾಕಲ್ವಾ ಅಂತ ಹಲವರು ಕೇಳಿದ್ದಾರೆ. ದಿನಕ್ಕೆ ಎರಡು ಮೂರು ಬಿಲ್ಲು ಬರುವವರಿಗೆ ಖಂಡಿತ ಸಾಕು, ಸುಮ್ನೆ ಖರ್ಚು ಮಾಡಬೇಡಿ. ಕಟ್ಟು ಕಟ್ಟಾಗಿ ಬರುವವರಿಗೆ ಮಾತ್ರ ಈ ಯಂತ್ರ ಬೇಕು.

ಸೆಟ್ಟಿಂಗ್ ಬಗ್ಗೆ ಒಂದು ಮಾತು. 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಸಾಕು. 600ಕ್ಕೆ ಏರಿಸಿದರೆ ಚುಕ್ಕೆಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಬಿಲ್ಲು ಓದಲು ಅದರಿಂದ ಏನೂ ಲಾಭವಿಲ್ಲ. ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಸೌಲಭ್ಯ) ಆನ್ ಮಾಡಿಟ್ಟರೆ ಪಿಡಿಎಫ್ ಒಳಗಿನ ಅಕ್ಷರಗಳನ್ನು ಹುಡುಕಬಹುದು. ಆದರೆ ಮಸುಕಾದ ಬಿಲ್ಲಿನಲ್ಲಿ ಅದು 1ನ್ನು 7 ಅಂತ ಓದಿದ್ದನ್ನು ನಾನೇ ನೋಡಿದ್ದೇನೆ. ಒಸಿಆರ್ ಕೊಟ್ಟ ಮೊತ್ತವನ್ನು ನೇರ ಲೆಕ್ಕಕ್ಕೆ ಏರಿಸಬೇಡಿ. ಫೈಲಿನ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಶುರುವಾಗಲಿ. ಆಗ ಎಲ್ಲವೂ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ.

ಕಂಪ್ರೆಷನ್, ಅಂದರೆ ಫೈಲ್ ಕುಗ್ಗಿಸುವುದರ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ಕಂಪ್ಯೂಟರ್ ವಿಜ್ಞಾನಿ ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಎಂಬ ಸ್ಕ್ಯಾನ್-ಕಾಪಿ ಯಂತ್ರಗಳಲ್ಲಿ ಒಂದು ದೋಷ ಕಂಡುಹಿಡಿದರು. ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದಾಗ ಕೋಣೆಗಳ ವಿಸ್ತೀರ್ಣವೇ ಬದಲಾಗಿತ್ತು. 6 ಇದ್ದದ್ದು 8 ಆಗಿಬಿಡುವಂಥ ಪ್ರಸಂಗಗಳೂ ಸಿಕ್ಕವು. ಒಂದೇ ತರಹ ಕಾಣುವ ಅಕ್ಷರಗಳಿಗೆ ಒಂದೇ ಚಿತ್ರ ಬಳಸಿ ಫೈಲನ್ನು ಕುಗ್ಗಿಸುವ ಜೆಬಿಗ್2 ವಿಧಾನ ಅದಕ್ಕೆ ಕಾರಣ. ಕಂಪನಿ ಆಮೇಲೆ ಸರಿಪಡಿಸಿತು. ಅಂಕಿ ಬದಲಾದರೂ ಪುಟ ಚೊಕ್ಕಟವಾಗಿಯೇ ಕಾಣುತ್ತದೆ, ಭಯ ಹುಟ್ಟಿಸುವುದು ಅದೇ. ಇದನ್ನು ಓದಿದ ದಿನವೇ ನನ್ನ ಯಂತ್ರದಲ್ಲಿ ‘ಅತಿ ಚಿಕ್ಕ ಫೈಲ್’ ಆಯ್ಕೆ ತೆಗೆದುಹಾಕಿದೆ. ಮೂಲ ಕಾಗದವನ್ನೂ ಎಸೆಯುತ್ತಿಲ್ಲ. ಎಷ್ಟು ವರ್ಷ ಇಡಬೇಕು ಅನ್ನುವುದು ಆಯಾ ದೇಶದ ತೆರಿಗೆ ಕಾನೂನಿಗೆ ಬಿಟ್ಟದ್ದು, ನಿಮ್ಮ ಆಡಿಟರನ್ನೇ ಕೇಳಿ.

ಯಂತ್ರದ ತೊಂದರೆಗಳು ಇಲ್ಲದಿಲ್ಲ. ಒಂದು ಸ್ಟೇಪಲ್ ಪಿನ್ ಒಳಗೆ ಹೋಗಿ ಗಾಜಿನ ಮೇಲೆ ಗೀರು ಬಿತ್ತು. ಸ್ಕ್ಯಾನಿನಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಕಂಡರೆ ಹೆಚ್ಚಾಗಿ ಅದು ಗಾಜಿನ ಮೇಲಿನ ಧೂಳು, ಒರೆಸಿದರೆ ಹೋಗುತ್ತದೆ. ನನ್ನದು ಗೀರು, ಹಾಗಾಗಿ ಹೋಗಲಿಲ್ಲ, ಇವತ್ತಿಗೂ ಆ ಗೆರೆ ಇದೆ. ಎರಡನೇ ವರ್ಷದ ಕೊನೆಗೆ ಹಾಳೆ ಎಳೆಯುವ ರೋಲರ್ ಸವೆದು ಎರಡೆರಡು ಹಾಳೆ ಒಟ್ಟಿಗೆ ಎಳೆಯತೊಡಗಿತು. ಇದು ಅಪಾಯ, ಯಾಕೆಂದರೆ ಒಂದು ಬಿಲ್ಲು ತಪ್ಪಿಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಈಗ ಹಾಳೆ ಎಣಿಸಿ ಇಡುತ್ತೇವೆ, ಸ್ಕ್ಯಾನ್ ಆದ ಪುಟಗಳ ಲೆಕ್ಕದ ಜೊತೆ ತಾಳೆ ನೋಡುತ್ತೇವೆ.

ಸುರಕ್ಷತೆಯ ವಿಷಯದಲ್ಲಿ ನಾನು ತಡವಾಗಿ ಎಚ್ಚೆತ್ತೆ. ವೈಫೈಗೆ ಸೇರುವ ಸ್ಕ್ಯಾನರ್ ಕೂಡ ಒಂದು ಪುಟ್ಟ ಕಂಪ್ಯೂಟರೇ. ಅದಕ್ಕೂ ಅಡ್ಮಿನ್ ಪಾಸ್‌ವರ್ಡ್ ಇರುತ್ತದೆ, ಬಂದಾಗ ಇದ್ದದ್ದೇ ಎರಡು ವರ್ಷ ಹಾಗೇ ಇತ್ತು. ಈಗ ಬದಲಿಸಿದ್ದೇನೆ, ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೂಡ ತಪ್ಪಿಸುವುದಿಲ್ಲ. ಸ್ಕ್ಯಾನ್ ಆದ ಫೈಲುಗಳು ಕ್ಲೌಡ್ ಫೋಲ್ಡರಿಗೆ ಸಿಂಕ್ ಆಗುತ್ತವೆ, ಅಂದರೆ ಇಲ್ಲಿ ಆದ ಬದಲಾವಣೆ ಅಲ್ಲೂ ತಾನಾಗಿ ಆಗುತ್ತದೆ. ಆದರೆ ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ರ‍್ಯಾನ್ಸಮ್‌ವೇರ್ (ಹಣಕ್ಕಾಗಿ ಫೈಲುಗಳನ್ನು ಒತ್ತೆ ಇಟ್ಟುಕೊಳ್ಳುವ ದುಷ್ಟ ಪ್ರೋಗ್ರಾಮ್) ಬಂದು ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿದರೆ, ಆ ಬೀಗ ಬಿದ್ದ ಫೈಲುಗಳೇ ಕ್ಲೌಡಿಗೂ ಹೋಗಿ ಕೂರಬಹುದು. ಅದಕ್ಕೇ ವಾರಕ್ಕೊಮ್ಮೆ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿ, ತಕ್ಷಣ ಕೇಬಲ್ ಕಿತ್ತು ಬೇರೆ ಜಾಗದಲ್ಲಿ ಇಡುತ್ತೇವೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ (ಪಾಸ್‌ವರ್ಡ್ ಇಲ್ಲದೆ ಓದಲಾಗದು), ಬಿಲ್ಲುಗಳಲ್ಲಿ ಇನ್ನೊಬ್ಬರ ಬ್ಯಾಂಕ್ ವಿವರ ಇರುತ್ತದಲ್ಲ. ಮೂರು ತಿಂಗಳಿಗೊಮ್ಮೆ ಅದರಿಂದ ಹತ್ತು ಫೈಲು ತೆರೆದು ನೋಡುತ್ತೇವೆ. ಒಮ್ಮೆ ಎರಡು ತೆರೆಯಲಿಲ್ಲ, ಹೊಸ ಡಿಸ್ಕ್ ತಂದೆವು.

ಕೊಳ್ಳುವ ಮನಸ್ಸಿದ್ದರೆ ವೇಗದ ಅಂಕಿಗಿಂತ ಮೊದಲು ಎರಡು ಪ್ರಶ್ನೆ ಕೇಳಿ. ರೋಲರ್ ಬಿಡಿಯಾಗಿ ಸಿಗುತ್ತದೆಯೇ? ಡ್ರೈವರ್ (ಕಂಪ್ಯೂಟರಿನಿಂದ ಸ್ಕ್ಯಾನರ್ ನಡೆಸಲು ಬೇಕಾದ ಸಾಫ್ಟ್‌ವೇರ್) ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ? ಕಂಪ್ಯೂಟರ್ ಅಪ್‌ಡೇಟ್ ಆದ ಮೇಲೆ ಒಮ್ಮೆ ನಮ್ಮ ಸ್ಕ್ಯಾನರ್ ಎರಡು ವಾರ ಸುಮ್ಮನೆ ಕೂತಿತ್ತು. ಆಮೇಲೆ ಡ್ರೈವರ್ ಬಂತು. ರೋಲರ್ ಇನ್ನೂ ಸಿಗುತ್ತಿದೆ, ಮುಂದಿನ ಸಲಕ್ಕೆ ಒಂದು ಜೊತೆ ತಂದು ಡ್ರಾಯರಿನಲ್ಲಿ ಇಟ್ಟಿದ್ದೇನೆ.