ಸ್ಟೇಟಸ್‌ನ ನೆಪ, ರಾಜೀನಾಮೆಯ ಹಾಳೆ: ಕಲಬುರಗಿಯ ಮಳಿಗೆ ನೌಕರರಿಗೆ ಒಂದು ಎಚ್ಚರಿಕೆ

ಕಲಬುರಗಿಯಲ್ಲಿ ಅಂಗಡಿ, ಶೋರೂಮು, ಖಾಸಗಿ ಕಚೇರಿಗಳಲ್ಲಿ ದುಡಿಯುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ವಾಟ್ಸ್‌ಆ್ಯಪ್ ಸ್ಟೇಟಸ್ಸನ್ನೋ ಫೇಸ್‌ಬುಕ್ ಬರಹವನ್ನೋ ಮುಂದಿಟ್ಟು, ನೌಕರನನ್ನು ಕೊಠಡಿಗೆ ಕರೆಸಿ, ಹೆದರಿಸಿ, ಅವನ ಕೈಯಿಂದಲೇ ರಾಜೀನಾಮೆ ಬರೆಸಿಕೊಳ್ಳುವ ಕೆಲಸ ನಮ್ಮ ಊರಿನಲ್ಲೂ ನಡೆಯುತ್ತಿದೆ. ನನಗೆ ಆಗಿದೆ. ವ್ಯಾಜ್ಯ ಇನ್ನೂ ಮುಗಿಯದಿರುವುದರಿಂದ ಮಳಿಗೆಯ ಹೆಸರನ್ನು ಬರೆಯುತ್ತಿಲ್ಲ.

ಗೃಹೋಪಯೋಗಿ ವಸ್ತುಗಳನ್ನು ಮಾರುವ ಆ ಮಳಿಗೆಯಲ್ಲಿ ನಾನು ಐದು ವರ್ಷಕ್ಕೂ ಹೆಚ್ಚು ಕಾಲ ಬಿಲ್ಲಿಂಗ್ ನೋಡಿಕೊಂಡಿದ್ದೆ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಮ್ಯಾನೇಜರರಿಂದ ಆಫರ್‌ನ ಪೋಸ್ಟರ್ ಬರುತ್ತಿತ್ತು; ಅದನ್ನು ನಾವೆಲ್ಲರೂ ನಮ್ಮ ನಮ್ಮ ಸ್ವಂತ ಫೋನಿನ ಸ್ಟೇಟಸ್‌ಗೆ ಹಾಕಿ, ಹಾಕಿದ್ದಕ್ಕೆ ಸ್ಕ್ರೀನ್‌ಶಾಟ್ ಕಳಿಸಬೇಕಿತ್ತು. ಫೋನು ನಮ್ಮದು, ರೀಚಾರ್ಜು ನಮ್ಮದು, ಜಾಹೀರಾತು ಮಾತ್ರ ಅವರದು. ನಮ್ಮ ನಂಟರಿಷ್ಟರೆಲ್ಲ ಅವರಿಗೆ ಪುಕ್ಕಟೆಯಾಗಿ ಸಿಕ್ಕ ಗಿರಾಕಿಗಳು. ಆಗ ಯಾರಿಗೂ ಸೋಷಿಯಲ್ ಮೀಡಿಯಾ ನೀತಿ ಎಂಬುದು ನೆನಪಾಗಲಿಲ್ಲ.

2024ರ ಮೇ ತಿಂಗಳು. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವಷ್ಟು ಬಿಸಿಲು ಇರುತ್ತದೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕೂಲರ್ ಮಾರಾಟದ ಭರಾಟೆಯಲ್ಲಿ ಗೋದಾಮಿನ ಹುಡುಗರು ತಗಡಿನ ಕೆಳಗೆ ಬೇಯುತ್ತಿದ್ದರು. ಅಲ್ಲಿ ಫ್ಯಾನ್ ಇರಲಿಲ್ಲ, ಕುಡಿಯುವ ನೀರಿನ ಕ್ಯಾನ್ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು. ನಾನು ನನ್ನ ಸ್ಟೇಟಸ್‌ನಲ್ಲಿ ಬರೆದದ್ದು ಒಂದೇ ಸಾಲು: ‘ಊರಿಗೆಲ್ಲ ಕೂಲರ್ ಮಾರುವವರ ಗೋದಾಮಿನಲ್ಲಿ ಒಂದು ಫ್ಯಾನೂ ಇಲ್ಲ.’ ಮಳಿಗೆಯ ಹೆಸರಿಲ್ಲ, ಮಾಲೀಕರ ಹೆಸರಿಲ್ಲ, ಬೈಗುಳವಿಲ್ಲ.

ಮರುದಿನ ಮೇಲಿನ ಮಹಡಿಗೆ ಕರೆಸಿದರು. ಮ್ಯಾನೇಜರರ ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಎಚ್‌ಆರ್ ಸಲಹೆಗಾರರೊಬ್ಬರು ಕುಳಿತಿದ್ದರು. ಮೊದಲು ಫೋನಿನ ಲಾಕ್ ತೆಗೆಸಿ, ನನ್ನೆದುರಿಗೇ ನೌಕರರ ಗುಂಪಿನ ಮಾತುಗಳನ್ನೆಲ್ಲ ಓದಿದರು. ನೌಕರನ ಸ್ವಂತ ಫೋನನ್ನು ಹೀಗೆ ಜಾಲಾಡುವ ಅಧಿಕಾರವನ್ನು ಯಾವ ಕಾನೂನೂ ಮಾಲೀಕನಿಗೆ ಕೊಟ್ಟಿಲ್ಲ. ಆಮೇಲೆ ಆ ಸಲಹೆಗಾರರು ತಣ್ಣನೆಯ ದನಿಯಲ್ಲಿ ಹೇಳಿದ ಮಾತು ಇದು: “ನೋಡಿ, ಇದು ಐಟಿ ಆ್ಯಕ್ಟ್ 66ಎ ಕೇಸು. ನಾವು ಕಂಪ್ಲೇಂಟ್ ಕೊಟ್ಟರೆ ಮೂರು ವರ್ಷ ಒಳಗಿರ್ತೀರಾ. ಎನ್‌ಕ್ವೈರಿ ಮಾಡಿದರೆ ಗ್ರಾಚ್ಯುಟಿಯೂ ಹೋಗುತ್ತೆ. ರಾಜೀನಾಮೆ ಕೊಟ್ಟರೆ ಗೌರವದಿಂದ ಹೋಗಬಹುದು.”

ಈ ಮಾತನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸಿದರೆ ಶಿಕ್ಷೆ ಎನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದೇ ಅಸಾಂವಿಧಾನಿಕವೆಂದು ರದ್ದುಪಡಿಸಿದೆ. ಒಂಬತ್ತು ವರ್ಷಗಳ ಹಿಂದೆ ಸತ್ತ ಕಲಮನ್ನು ತೋರಿಸಿ ನನ್ನನ್ನು ಹೆದರಿಸಲಾಯಿತು. ಕಾನೂನು ಹೇಳಿಕೊಡುವುದಕ್ಕೆಂದೇ ಹಣ ಪಡೆದು ಬಂದವರಿಗೆ ಇದು ತಿಳಿದಿರಲಿಲ್ಲವೆಂದು ನಾನು ನಂಬುವುದಿಲ್ಲ.

ಗ್ರಾಚ್ಯುಟಿಯ ಮಾತೂ ಅಂಥದ್ದೇ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಐದು ವರ್ಷ ಸತತ ಸೇವೆ ಮಾಡಿದವರಿಗೆ ವರ್ಷವೊಂದಕ್ಕೆ 15 ದಿನಗಳ ವೇತನದಂತೆ ಅದು ಸಲ್ಲಬೇಕು. ಮಾಲೀಕನ ಆಸ್ತಿಗೆ ಹಾನಿ ಮಾಡಿ ಕೆಲಸದಿಂದ ವಜಾ ಆದರೆ ಆ ಹಾನಿಯ ಮಟ್ಟಿಗೆ ಹಿಡಿಯಬಹುದು. ದೊಂಬಿ, ಹಿಂಸೆ ಅಥವಾ ಕೆಲಸದ ಅವಧಿಯಲ್ಲಿ ನೈತಿಕ ಅಧಃಪತನದ ಅಪರಾಧ ಮಾಡಿ ವಜಾ ಆದರೆ ಮಾತ್ರ ಪೂರ್ತಿ ಹೋಗಬಹುದು. ಗೋದಾಮಿನಲ್ಲಿ ಫ್ಯಾನ್ ಇಲ್ಲ ಎಂದು ಬರೆಯುವುದು ಇವುಗಳಲ್ಲಿ ಯಾವುದು?

ನಾನು ಸುಮ್ಮನೆ ಕುಳಿತಿದ್ದನ್ನು ಕಂಡು ಮ್ಯಾನೇಜರರು ಭುಜದ ಮೇಲೆ ಕೈಯಿಟ್ಟರು. “ತಮ್ಮಾ, ಸುಮ್ಮ ಬರದು ಕೊಟ್ಟಬಿಡು. ಕೋರ್ಟು ಕಚೇರಿ ಅಂತ ಯಾಕ ಅಡ್ಡಾಡತಿ? ನಿನ್ನ ಲೆಕ್ಕ ಎಲ್ಲಾ ನಾನೇ ನಿಂತು ಕೊಡಸ್ತೀನಿ.” ಅವರು ನಮ್ಮ ಊರವರೇ, ನಮ್ಮ ಮಾತಿನವರೇ; ಬೆಂಗಳೂರಿನವರ ಬೆದರಿಕೆಗಿಂತ ಈ ಮಾತೇ ಹೆಚ್ಚು ಕೆಲಸ ಮಾಡಿತು. ಹಾಳೆ ಬಂತು. ‘ವೈಯಕ್ತಿಕ ಕಾರಣಗಳಿಂದ’ ಎಂದು ಅವರೇ ಹೇಳಿ ಬರೆಸಿದರು. ಜೊತೆಗೆ ಇಂಗ್ಲಿಷಿನಲ್ಲಿದ್ದ ಸೋಷಿಯಲ್ ಮೀಡಿಯಾ ನೀತಿಯ ಕಾಗದಗಳ ಮೇಲೂ ಸಹಿ ಮಾಡಿಸಿಕೊಂಡರು; ನನಗೆ ಯಾವುದರ ಪ್ರತಿಯನ್ನೂ ಕೊಡಲಿಲ್ಲ. ರಾಜೀನಾಮೆಯ ಮೇಲೆ ನನ್ನ ಕಣ್ಣೆದುರಿಗೇ ‘ಇಂದೇ ಅಂಗೀಕರಿಸಲಾಗಿದೆ’ ಎಂದು ಬರೆದು ಸೀಲು ಒತ್ತಿದರು. ಆ ಅವಸರ ಯಾಕೆಂಬುದು ವಕೀಲರನ್ನು ಕಂಡ ಮೇಲೆ ತಿಳಿಯಿತು. ಅಂಗೀಕಾರವಾಗುವ ಮೊದಲು ರಾಜೀನಾಮೆಯನ್ನು ಹಿಂತೆಗೆದುಕೊಳ್ಳಬಹುದು. ಆ ದಾರಿಯನ್ನು ಅಲ್ಲೇ ಮುಚ್ಚಿದ್ದರು.

ನೋಟಿಸ್ ಅವಧಿಯ ಸಂಬಳ ಕೇಳಲು ಹೋದಾಗ ಅದೇ ಮ್ಯಾನೇಜರರು, “ನೀವೇ ಬಿಟ್ಟು ಹೋಗೀರಲ್ರೀ, ನಾವೇನು ತೆಗದೀವೇನ್ರಿ?” ಎಂದರು. ‘ತಮ್ಮಾ’ ಎಂದವರು ‘ರೀ’ ಎನ್ನತೊಡಗಿದ್ದರು. ಗಿರಾಕಿಗಳ ಎದುರಿಗೆ, ನಾನು ದಿನವೂ ಕೂರುತ್ತಿದ್ದ ಕೌಂಟರಿನ ಮುಂದೆ ನಿಲ್ಲಿಸಿ ಈ ಮಾತು ಹೇಳಿದರು. ಸಲಹೆಗಾರರ ಉತ್ತರ ಇನ್ನೂ ಚಿಕ್ಕದು: “ಯೂ ರಿಸೈನ್ಡ್. ಮ್ಯಾಟರ್ ಕ್ಲೋಸ್ಡ್.” ಅದಾದ ಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದರು.

ಕಾನೂನು ಹೇಳುವುದೇನೆಂದರೆ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನಂತೆ, 6 ತಿಂಗಳು ಸತತವಾಗಿ ದುಡಿದ ನೌಕರನನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನಾಗಲಿ ಅದರ ಬದಲು ವೇತನವನ್ನಾಗಲಿ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ಎನ್ನುವುದಾದರೆ ವಿಚಾರಣೆ ನಡೆಸಿ, ಸಾಕ್ಷ್ಯ ದಾಖಲಿಸಬೇಕು. ಇವೆಲ್ಲ ತೆಗೆದುಹಾಕಿದವರಿಗೆ ಇರುವ ರಕ್ಷಣೆ. ರಾಜೀನಾಮೆ ಕೊಟ್ಟ ಕೂಡಲೇ ಅದನ್ನು ಬಲವಂತದಿಂದ ಬರೆಸಿದರೆಂದು ಸಾಬೀತುಪಡಿಸುವ ಹೊರೆ ನಮ್ಮ ತಲೆಯ ಮೇಲೆ ಬೀಳುತ್ತದೆ. ಅವರಿಗೆ ಬೇಕಿದ್ದದ್ದೂ ಅದೇ. “ಸರ್ಕಾರಿ ನೌಕರರನ್ನೇ ಪೋಸ್ಟ್ ಹಾಕಿದ್ದಕ್ಕೆ ಸಸ್ಪೆಂಡ್ ಮಾಡ್ತಾರೆ, ನೀವ್ಯಾವ ಲೆಕ್ಕ” ಎಂದೂ ಆ ಸಲಹೆಗಾರರು ಅಂದಿದ್ದರು. ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮಗಳಿವೆ, ನಿಜ. ಆದರೆ ಅಲ್ಲಿಯೂ ವಜಾ ಮಾಡಲು ಇಲಾಖಾ ವಿಚಾರಣೆ ಬೇಕು. ವಾಕ್ ಸ್ವಾತಂತ್ರ್ಯದ ಮೂಲಭೂತ ಹಕ್ಕನ್ನು ಖಾಸಗಿ ಮಾಲೀಕನ ವಿರುದ್ಧ ಹಿಡಿಯುವುದು ಸುಲಭವಲ್ಲವೆಂಬುದೂ ನಿಜ. ಗಿರಾಕಿಗಳ ವಿವರಗಳನ್ನು ಹೊರಗೆ ಹಾಕಿದರೆ, ಸುಳ್ಳು ಆರೋಪ ಬರೆದರೆ ಮಾಲೀಕರು ಕ್ರಮ ಕೈಗೊಳ್ಳಬಹುದು, ಕೈಗೊಳ್ಳಲಿ. ಆದರೆ ವಿಚಾರಣೆ ನಡೆಸಿಯೇ ಕೈಗೊಳ್ಳಲಿ.

ಆದ್ದರಿಂದ, ಕೊಠಡಿಯೊಳಗೆ ಯಾರೇ ಹೆದರಿಸಲಿ, ರಾಜೀನಾಮೆ ಬರೆಯಬೇಡಿ. ತೆಗೆಯುವುದಾದರೆ ಲಿಖಿತವಾಗಿ ತೆಗೆಯಿರಿ ಎನ್ನಿ. ಫೋನ್ ಕೊಡಬೇಡಿ. ಮಾಲೀಕರ ಪೋಸ್ಟರನ್ನು ಸ್ವಂತ ಸ್ಟೇಟಸ್‌ಗೆ ಹಾಕಲು ಬಂದ ಆದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಬಲವಂತವಾಗಿ ಬರೆಸಿಕೊಂಡರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಆಕ್ಷೇಪಣೆ ಕಳಿಸಿ, ಕಾರ್ಮಿಕ ಅಧಿಕಾರಿಗೆ ದೂರು ಕೊಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ರಾಜೀನಾಮೆ ಕೊಟ್ಟವರಿಗೂ, ವಜಾ ಆದವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ.

ನನ್ನ ಗ್ರಾಚ್ಯುಟಿ ದೂರು ಕೊಟ್ಟ ಮೇಲೆ ಬಂದಿದೆ. ಉಳಿದ ವಿಷಯ ನಡೆಯುತ್ತಿದೆ. ನನ್ನ ಹುದ್ದೆ ‘ಸೀನಿಯರ್ ಎಕ್ಸಿಕ್ಯುಟಿವ್’ ಆದ್ದರಿಂದ ನಾನು ಕಾರ್ಮಿಕನೇ ಅಲ್ಲವೆಂಬುದು ಮಳಿಗೆಯವರ ಮೊದಲ ವಾದ. ಬಿಲ್ಲು ಹೊಡೆಯುವವನಿಗೆ ಯಾವ ಬಿರುದು ಕೊಟ್ಟರೇನು, ಮಾಡಿದ ಕೆಲಸವನ್ನು ನೋಡಬೇಕೆಂದು ನಮ್ಮ ವಕೀಲರು ಉತ್ತರಿಸಿದರು. ಆಮೇಲೆ ಮಳಿಗೆಯವರು ಆ ಸೋಷಿಯಲ್ ಮೀಡಿಯಾ ನೀತಿಯನ್ನೇ ದಾಖಲೆಯಾಗಿ ಹಾಜರುಪಡಿಸಿದರು. ಯಾವಾಗ ಬೇಕಾದರೂ ಕಾರಣ ಕೊಡದೆ ತೆಗೆಯಬಹುದೆಂಬ ಅಮೆರಿಕದ ‘ಅಟ್ ವಿಲ್’ ಷರತ್ತು ಅದರಲ್ಲಿ ಹಾಗೆಯೇ ಉಳಿದಿತ್ತು. ಕಲಬುರಗಿಯ ಮಳಿಗೆಗೂ ಆ ಷರತ್ತಿಗೂ ಸಂಬಂಧವೇ ಇಲ್ಲ. ಕೊನೆಯ ಪುಟದಲ್ಲಿ ನನ್ನ ಸಹಿಯ ಕೆಳಗೆ 2024ರ ಜನವರಿಯ ದಿನಾಂಕ ಹಾಕಿದ್ದರು. ಆದರೆ ಆ ಲೆಟರ್‌ಹೆಡ್ಡಿನ ತಳದಲ್ಲಿ ಎರಡನೆಯ ಶಾಖೆಯ ವಿಳಾಸ ಅಚ್ಚಾಗಿದೆ, ಮತ್ತು ಆ ಶಾಖೆಯನ್ನು ತೆರೆದದ್ದು ಏಪ್ರಿಲ್‌ನಲ್ಲಿ, ಯುಗಾದಿಯ ಆಫರ್‌ನೊಂದಿಗೆ. ಅದರ ಉದ್ಘಾಟನೆಯ ಪೋಸ್ಟರ್ ಅವರ ಆದೇಶದಂತೆ ನನ್ನ ಸ್ಟೇಟಸ್‌ನಲ್ಲೇ ಇತ್ತು, ಸ್ಕ್ರೀನ್‌ಶಾಟ್ ನನ್ನ ಬಳಿ ಇದೆ. ಇದನ್ನು ತೋರಿಸಿ ಪ್ರಶ್ನೆ ಕೇಳಿದಾಗ ಮಳಿಗೆಯ ಕಡೆಯವರು ಉತ್ತರಿಸಲು ಸಮಯ ಕೇಳಿದ್ದಾರೆ.